ಕೆಇವಿ ಪಟ್ಟಿ: ನಾಲ್ಕು ವರ್ಷ ದಿನಾ ತೆರೆದು ನೋಡಿದ ಮೇಲೆ

ನಮ್ಮ ಆಫೀಸಿನ ಸರ್ವರ್‌ಗಳನ್ನು ನೋಡಿಕೊಳ್ಳುವವಳು ನಾನೊಬ್ಬಳೇ. ಭದ್ರತಾ ದೋಷ ಹುಡುಕುವ ಸ್ಕ್ಯಾನರ್ ಸಾಫ್ಟ್‌ವೇರ್ ಕೊಳ್ಳಲು ಬಜೆಟ್ ಇಲ್ಲ. ದಾಳಿಕೋರರು ಈಗಾಗಲೇ ಬಳಸುತ್ತಿರುವ ಸಾಫ್ಟ್‌ವೇರ್ ದೋಷಗಳ ಈ ಪಟ್ಟಿಯನ್ನು (ಕೆಇವಿ) ಅಮೆರಿಕದ ಸರ್ಕಾರಿ ಸೈಬರ್ ಭದ್ರತಾ ಸಂಸ್ಥೆ ಸಿಸಾ 2021ರ ನವೆಂಬರ್‌ನಲ್ಲಿ ಶುರು ಮಾಡಿತು. ಪೂರ್ತಿ ಉಚಿತ. ನಾನು ಅದನ್ನು ಹಿಡಿದದ್ದು ಮರು ತಿಂಗಳು, ಲಾಗ್‌ಫೋರ್‌ಜೆ ಅನ್ನುವ, ಎಷ್ಟೋ ಜಾವಾ ಪ್ರೋಗ್ರಾಂಗಳು ಬಳಸುವ ಕೋಡ್‌ನಲ್ಲಿ ದೊಡ್ಡ ದೋಷ ಸಿಕ್ಕು ಗಲಾಟೆಯಾದ ವಾರ.

ಬೆಳಿಗ್ಗೆ ಕೂತ ಕೂಡಲೇ ಪಟ್ಟಿಯ ಜೇಸನ್ ಫೈಲ್ ಇಳಿಸಿಕೊಳ್ಳುತ್ತೇನೆ. ನಿನ್ನೆಯದರ ಜೊತೆ ಹೋಲಿಸಲು ಪುಟ್ಟ ಸ್ಕ್ರಿಪ್ಟ್ ಬರೆದಿಟ್ಟಿದ್ದೇನೆ. ಎಷ್ಟೋ ದಿನ ಏನೂ ಬರುವುದಿಲ್ಲ. ಹೊಸ ಸಾಲು ಬಂದರೆ ನನ್ನ ಎಕ್ಸೆಲ್ ಶೀಟ್ ತೆಗೆದು, ಆ ಸಾಫ್ಟ್‌ವೇರ್ ನಮ್ಮಲ್ಲಿ ಇದೆಯಾ ಅಂತ ಒಂದೊಂದೇ ಸಾಲು ನೋಡುತ್ತೇನೆ. ಇಲ್ಲ ಅಂದರೆ ಆ ದಿನ ಸಮಾಧಾನ.

ಮೊದಲು ದೋಷದ ತೀವ್ರತೆಗೆ 10ಕ್ಕೆ 9.8 ಅಂಕ ಕಂಡ ಕಡೆಗೆಲ್ಲ ಓಡುತ್ತಿದ್ದೆ. ಅಂಕ ಹೇಳುವುದು ದೋಷ ಎಷ್ಟು ಕೆಟ್ಟದ್ದು ಅಂತ ಮಾತ್ರ. ಯಾರಾದರೂ ಅದನ್ನು ಬಳಸಿ ನುಗ್ಗುತ್ತಿದ್ದಾರಾ ಅಂತ ಹೇಳುವುದಿಲ್ಲ ಅಲ್ವಾ? ಈ ಪಟ್ಟಿಗೆ ಸೇರಲು ದಾಳಿ ನಡೆದ ಪುರಾವೆ ಬೇಕೇ ಬೇಕು.

ನನಗೆ ಜಾಸ್ತಿ ಇಷ್ಟ, ದೋಷ ಸರಿಪಡಿಸಬೇಕಾದ ಗಡುವಿನ ಕಾಲಂ. ಅದು ಅಮೆರಿಕದ ಕೇಂದ್ರ ಸರ್ಕಾರದ ಕಚೇರಿಗಳಿಗೆ ಮಾತ್ರ ಕಡ್ಡಾಯ. ಆದರೂ ನಾನು ಅದನ್ನು ನಮ್ಮದೇ ಗಡುವು ಮಾಡಿಕೊಂಡೆ. ಲಾಗ್‌ಫೋರ್‌ಜೆಗೆ ಡಿಸೆಂಬರ್ 24 ಅಂತ ಇತ್ತು. "ಮುಂದಿನ ವಾರ ನೋಡೋಣ" ಅನ್ನುತ್ತಿದ್ದ ಮ್ಯಾನೇಜರ್, ಆ ತಾರೀಖು ತೋರಿಸಿದ ಮೇಲೆ ಸರ್ವರ್ ನಿಲ್ಲಿಸಲು ಒಪ್ಪಿದರು.

ಹೀಗೆ ಪ್ಯಾಚ್ (ದೋಷ ಸರಿಪಡಿಸುವ ಅಪ್‌ಡೇಟ್) ಹಾಕಿ, ಟಿಕ್ ಮಾಡಿ, ಮರೆಯುತ್ತಿದ್ದೆ. 2023ರ ಅಕ್ಟೋಬರ್‌ನಲ್ಲಿ ಸಿಟ್ರಿಕ್ಸ್ ಬ್ಲೀಡ್ ಪಟ್ಟಿಗೆ ಬಂತು. ಹೊರಗಿನಿಂದ ಆಫೀಸಿನ ನೆಟ್‌ವರ್ಕ್‌ಗೆ ಲಾಗಿನ್ ಆಗಲು ಬಳಸುವ ಸಿಟ್ರಿಕ್ಸ್ ಗೇಟ್‌ವೇಯ ದೋಷ ಅದು. ಆ ಗೇಟ್‌ವೇ ನಮ್ಮಲ್ಲಿರಲಿಲ್ಲ. ಕಲಿಯೋಣ ಅಂತ ಓದಿದೆ. ದಾಳಿಕೋರರು ಮೆಮೊರಿಯಿಂದ ಸೆಷನ್ ಟೋಕನ್ (ಲಾಗಿನ್ ಆದವರ ಗುರುತಿನ ಚೀಟಿಯಂಥದ್ದು) ಕದಿಯುತ್ತಿದ್ದರು. ಪ್ಯಾಚ್ ಹಾಕಿದ ಮೇಲೂ ಕದ್ದ ಟೋಕನ್ ಕೆಲಸ ಮಾಡುತ್ತಿತ್ತು. ಇದ್ದ ಸೆಷನ್‌ಗಳನ್ನೆಲ್ಲ ಕೊನೆಗೊಳಿಸಬೇಕಿತ್ತು. ಬೀಗ ಬದಲಿಸಿದರೆ ಒಳಗೆ ಸೇರಿಕೊಂಡವನು ಹೊರಗೆ ಹೋಗುವುದಿಲ್ಲ.

ಅವತ್ತು ಪಟ್ಟಿಯ ಮೇಲಿನ ಪ್ರೀತಿಗೆ ಸ್ವಲ್ಪ ಭಯ ಸೇರಿತು. ದೋಷವೊಂದು ಇಲ್ಲಿಗೆ ಬರುವ ಹೊತ್ತಿಗೆ ಎಲ್ಲೋ ಯಾರೋ ಏಟು ತಿಂದಾಗಿರುತ್ತದೆ. ಅದು ನಾವೇ ಆಗಿದ್ದರೆ? ಗಡುವಿನೊಳಗೆ ಮುಗಿಸಿದೆ ಅನ್ನುವುದು ಅದಕ್ಕೆ ಉತ್ತರವಲ್ಲ. ಶೀಟಿನಲ್ಲಿ ಇನ್ನೊಂದು ಕಾಲಂ ಹಾಕಿದೆ: "ಪ್ಯಾಚ್‌ಗೆ ಮುಂಚೆ ಯಾರಾದರೂ ಬಂದಿದ್ದರಾ?" ಹಳೆಯ ಸಾಲುಗಳನ್ನೂ ಮತ್ತೆ ಓದಿದೆ. ವಿಪಿಎನ್, ಫೈರ್‌ವಾಲ್‌ಗಳೇ ಮತ್ತೆ ಮತ್ತೆ ಬರುತ್ತವೆ. ನಮ್ಮ ಫೈರ್‌ವಾಲ್‌ನ ಅಡ್ಮಿನ್ ಪುಟ ಹೊರಗಿನಿಂದ ಕಾಣದಂತೆ ಮಾಡಿದ್ದು ಆಮೇಲೆಯೇ.

ಈ ಪಟ್ಟಿ ಬಿಡುವುದಿಲ್ಲ. ನಿಮ್ಮಲ್ಲಿ ಏನೇನಿದೆ ಅಂತ ಬರೆದಿಟ್ಟುಕೊಂಡಿಲ್ಲದಿದ್ದರೆ ಮೊದಲು ಆ ಕೆಲಸ ಮಾಡಿ, ಇಲ್ಲದಿದ್ದರೆ ಇದು ಸುಮ್ನೆ ಓದುವ ಸುದ್ದಿಯಾಗುತ್ತದೆ. ಲಾಗ್‌ಗಳನ್ನೂ (ಯಾರು ಯಾವಾಗ ಬಂದರು ಅನ್ನುವ ದಾಖಲೆ) ಉಳಿಸಿಕೊಳ್ಳಿ. ನಾವು 30 ದಿನದ್ದು ಮಾತ್ರ ಇಡುತ್ತಿದ್ದೆವು, ಈಗ ಒಂದು ವರ್ಷದ್ದು ಇಡುತ್ತೇವೆ. ನನ್ನ ಹೊಸ ಕಾಲಂನಲ್ಲಿ 2023ಕ್ಕಿಂತ ಹಿಂದಿನ 7 ಸಾಲುಗಳು ಇನ್ನೂ ಖಾಲಿ ಇವೆ.