ಮಗಳ ಹಾರ್ಮೋನ್ ಕ್ಲಿನಿಕ್: ಮೆಚ್ಚಿದ್ದು, ಬೇಸರವಾದದ್ದು

ಬೆಂಗಳೂರಿನ ಈ ಮಕ್ಕಳ ಹಾರ್ಮೋನ್ ಕ್ಲಿನಿಕ್‌ಗೆ ನಾವು ತುಮಕೂರಿನಿಂದ ಬರುತ್ತೇವೆ. ಮಗಳಿಗೆ ಹುಟ್ಟಿನಿಂದಲೇ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯ ತೊಂದರೆ, ಸಿಎಎಚ್ (ಕಂಜೆನಿಟಲ್ ಅಡ್ರಿನಲ್ ಹೈಪರ್‌ಪ್ಲೇಸಿಯಾ). 21-ಹೈಡ್ರಾಕ್ಸಿಲೇಸ್ ಕಿಣ್ವದ ಕೊರತೆಯಿಂದ ಕಾಯಿಲೆ, ಒತ್ತಡವನ್ನು ತಡೆದುಕೊಳ್ಳಲು ದೇಹಕ್ಕೆ ಬೇಕಾದಷ್ಟು ಕಾರ್ಟಿಸಾಲ್ ಹಾರ್ಮೋನ್ ತಯಾರಾಗುವುದಿಲ್ಲ, ಉಪ್ಪು ಮೂತ್ರದಲ್ಲಿ ಹರಿದುಹೋಗುತ್ತದೆ. ಎಳೆಗೂಸು ವಾಂತಿ ಮಾಡಿಕೊಂಡು ಸೊರಗುತ್ತಿದ್ದಾಗ ಬೇರೊಂದು ಕಡೆ ಹಾಲು ಜೀರ್ಣವಾಗುತ್ತಿಲ್ಲವೆಂದು ಮನೆಗೆ ಕಳುಹಿಸಿದ್ದರು. ಇಲ್ಲಿ ಸೋಡಿಯಂ, ಪೊಟ್ಯಾಸಿಯಂ ನೋಡಿದ ಕೂಡಲೇ ಡ್ರಿಪ್ ಹಾಕಿಸಿ, ಈ ಕಾಯಿಲೆಯನ್ನು ಪತ್ತೆಹಚ್ಚುವ 17-ಒಎಚ್‌ಪಿ ಪರೀಕ್ಷೆಗೆ ರಕ್ತ ಕಳುಹಿಸಿದರು.

ನನಗೆ ಬಹಳ ಹಿಡಿಸಿದ್ದು ಇವರು ಕಲಿಸುವ ರೀತಿ. ಜ್ವರ ಬಂದರೆ ಕಾರ್ಟಿಸಾಲ್ ಬದಲಿಗೆ ದಿನವೂ ಕೊಡುವ ಹೈಡ್ರೊಕಾರ್ಟಿಸೋನ್ ಮಾತ್ರೆ ಎರಡು-ಮೂರು ಪಟ್ಟು. ವಾಂತಿಯಾಗಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ತಡಮಾಡದೆ ತೊಡೆಗೆ ಅದೇ ಔಷಧಿಯ ಇಂಜೆಕ್ಷನ್, ನಂತರ ನೇರವಾಗಿ ಆಸ್ಪತ್ರೆ. ನರ್ಸ್ ನನ್ನ ಅತ್ತೆಯವರ ಕೈಗೂ ಸಿರಿಂಜ್ ಕೊಟ್ಟು, ಪುಡಿಗೆ ನೀರು ಬೆರೆಸಿ, ಗಾಳಿಗುಳ್ಳೆ ಹೊರಹಾಕುವುದನ್ನು ಕೈನಡುಕ ನಿಲ್ಲುವವರೆಗೂ ಮಾಡಿಸಿದರು. "ಅಮ್ಮಾ, ಅನುಮಾನ ಬಂದರೆ ಕೊಟ್ಟುಬಿಡಿ. ಕೊಡದೆ ಇರುವುದೇ ಅಪಾಯ" ಎಂದರು. ಕಳೆದ ಶ್ರಾವಣದಲ್ಲಿ ನಡುರಾತ್ರಿ ಆ ಇಂಜೆಕ್ಷನ್ ಕೊಟ್ಟವರು ಅತ್ತೆಯವರೇ. ಶಾಲೆಯ ಟೀಚರ್‌ಗೆಂದು ಡಾಕ್ಟರ್ ತುರ್ತುಚೀಟಿಯನ್ನು ಕನ್ನಡದಲ್ಲೇ, ದೊಡ್ಡ ಅಕ್ಷರಗಳಲ್ಲಿ ಬರೆದುಕೊಟ್ಟಿದ್ದಾರೆ.

ಬೇಸರವಿರುವುದು ಕ್ಲಿನಿಕ್‌ನ ಕೆಳಗಿರುವ ಔಷಧಿ ಅಂಗಡಿಯ ಬಗ್ಗೆ. ದೇಹದಲ್ಲಿ ಉಪ್ಪು ಉಳಿಸುವ ಫ್ಲುಡ್ರೊಕಾರ್ಟಿಸೋನ್ ಮಾತ್ರೆ ಆಗಾಗ ಖಾಲಿ. ಒಂದು ದಿನವೂ ತಪ್ಪಿಸಬಾರದ ಮಾತ್ರೆಯ ವಿಷಯದಲ್ಲಿ ಇದು ಸಲ್ಲದು. ಕಾಯುವುದೂ ಬಹಳ ಹೊತ್ತು. ದೂರದ ಊರಿನವರು ಮಾತ್ರೆ ಮುಗಿಯುವ ಎರಡು ವಾರ ಮೊದಲೇ ಫೋನ್ ಮಾಡಿ ಎತ್ತಿಡಲು ಹೇಳಿ.