ಕಾಲಿನ ಬಿಗಿ ಇಳಿಸುವ ಮಾತ್ರೆಯನ್ನು ಒಮ್ಮೆಗೇ ನಿಲ್ಲಿಸಬೇಡಿ

ಮನೆಯಲ್ಲಿ ಲಕ್ವ ಹೊಡೆದವರು ಬ್ಯಾಕ್ಲೋಫೆನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ.

ಅಪ್ಪನಿಗೆ ಎಡಭಾಗದ ಸ್ವಾಧೀನ ತಪ್ಪಿ ಎಂಟು ತಿಂಗಳಾಗಿತ್ತು. ಮೊದಮೊದಲು ಜೋತುಬೀಳುತ್ತಿದ್ದ ಕಾಲು ಬರುಬರುತ್ತಾ ಬಿಗಿಯತೊಡಗಿತು. ಹಿಮ್ಮಡಿ ನೆಲಕ್ಕೆ ತಾಗುತ್ತಿರಲಿಲ್ಲ. ಪಾದ ಒಳಕ್ಕೆ ತಿರುಚಿ, ಬೆರಳು ಮುದುರಿ, ಚಪ್ಪಲಿ ಕಳಚಿಹೋಗುತ್ತಿತ್ತು. ನರರೋಗದ ಡಾಕ್ಟರು 5 ಮಿಲಿಗ್ರಾಂನಿಂದ ಶುರುಮಾಡಿ ಮಾತ್ರೆಯನ್ನು ನಿಧಾನಕ್ಕೆ ಏರಿಸಿದ್ದರು. ಫಿಸಿಯೋಥೆರಪಿಯೂ ನಡೆದಿತ್ತು. ಗೋಡೆ ಹಿಡಿದು ಬಚ್ಚಲಿಗೆ ಅಪ್ಪ ಒಬ್ಬರೇ ಹೋಗುವಷ್ಟಾಗಿತ್ತು.

ಅಷ್ಟರಲ್ಲಿ ನೆಂಟರ ಮಾತು ಕೇಳಿ, ಲಕ್ವಕ್ಕೆ ಎಣ್ಣೆ ತಿಕ್ಕುವವರೊಬ್ಬರ ಹತ್ತಿರ ಕರೆದೊಯ್ದೆವು. "ಇಂಗ್ಲಿಷ್ ಮಾತ್ರೆ ನಿಲ್ಲಿಸಿ, ಇಲ್ಲಾಂದ್ರೆ ಎಣ್ಣೆ ಹತ್ತಲ್ಲ" ಅಂದರು. ನಿಲ್ಲಿಸಿಬಿಟ್ಟೆವು. ಬಿ.ಪಿ. ಮಾತ್ರೆಯನ್ನು ಮಾತ್ರ ಅಮ್ಮ ಗುಟ್ಟಾಗಿ ಕೊಡುತ್ತಿದ್ದರು, ಪುಣ್ಯ. ಆತ ಪಾದವನ್ನು ರಪ್ಪನೆ ಮೇಲಕ್ಕೆ ಎಳೆದಾಗೆಲ್ಲ ಕಾಲು ಟಕಟಕ ನಡುಗಿ ಇನ್ನಷ್ಟು ಬಿಗಿಯುತ್ತಿತ್ತು. ಉಪ್ಪಿನ ಗಂಟಿನ ಶಾಖಕ್ಕೆ ಮೀನಖಂಡದ ಮೇಲೆ ಬೊಬ್ಬೆ ಎದ್ದರೂ ಅಪ್ಪನಿಗೆ ಗೊತ್ತೇ ಆಗಲಿಲ್ಲ. ಆ ಕಡೆ ಸ್ಪರ್ಶವೇ ಕಡಿಮೆ.

ಎರಡನೆಯ ರಾತ್ರಿ ಕಾಲು ಕೊರಡಾಯಿತು. ಮೈಯೆಲ್ಲ ಬೆವರು. ಅಪ್ಪ ಹೊದಿಕೆಯ ಅಂಚನ್ನು ಚಿವುಟುತ್ತಾ "ಇರುವೆ ತೆಗಿ ಪುಟ್ಟಿ, ಇರುವೆ" ಅನ್ನುತ್ತಿದ್ದರು. ಅಲ್ಲಿ ಒಂದು ಇರುವೆಯೂ ಇರಲಿಲ್ಲ. ಬೆಳಗಿನ ಜಾವಕ್ಕೆ ಫಿಟ್ಸ್ ಬಂತು.

ತುರ್ತು ಚಿಕಿತ್ಸೆಯಲ್ಲಿದ್ದ ಡಾಕ್ಟರು ಮೊದಲು ಕೇಳಿದ್ದೇ "ಯಾವ ಮಾತ್ರೆ ನಿಲ್ಲಿಸಿದಿರಿ?" ಅಂತ. ಈ ಮಾತ್ರೆಗೆ ಒಗ್ಗಿದ ನರಮಂಡಲಕ್ಕೆ ಅದು ದಿಢೀರನೆ ಸಿಗದಿದ್ದರೆ ಬಿಗಿತ ಮೊದಲಿಗಿಂತ ಜೋರಾಗಿ ಮರುಕಳಿಸುತ್ತದೆ, ಭ್ರಮೆ, ಫಿಟ್ಸ್ ಬರಬಹುದು, ಜೀವಕ್ಕೂ ಅಪಾಯ. ಬಿಡಲೇಬೇಕಿದ್ದರೆ ಡಾಕ್ಟರು ಹೇಳಿದಂತೆ ಹಂತಹಂತವಾಗಿ ಇಳಿಸಬೇಕು. ಊರಿಗೆ ಹೋಗುವಾಗ ಮಾತ್ರೆ ಮರೆತರೂ ಇದೇ ಗತಿಯಾಗಬಹುದು. ಮೂತ್ರಪಿಂಡದ ತೊಂದರೆ ಇದ್ದರೆ ಮೊದಲೇ ಹೇಳಿ, ಪ್ರಮಾಣ ಕಡಿಮೆ ಮಾಡಬೇಕಾಗುತ್ತದೆ.

ಬಿಗಿತದ ಮೂಲ ಮಿದುಳಿನಲ್ಲಿದೆ, ಸ್ನಾಯುವನ್ನು ಜಗ್ಗಿ ಅದನ್ನು ಬಿಡಿಸಲಾಗದು. ನಿಧಾನವಾಗಿ ಎಳೆದು ಸ್ವಲ್ಪ ಹೊತ್ತು ಹಿಡಿದರೆ ಸಡಿಲುತ್ತದೆ, ಜರ್ಕ್ ಕೊಟ್ಟರೆ ಸೆಟೆಯುತ್ತದೆ. ಇದ್ದಕ್ಕಿದ್ದಂತೆ ಬಿಗಿ ಹೆಚ್ಚಿದರೆ ಮೂತ್ರದ ಸೋಂಕು, ಮಲಬದ್ಧತೆ, ಹಾಸಿಗೆ ಹುಣ್ಣು, ಒಳಕ್ಕೆ ಬೆಳೆದ ಉಗುರು ಏನಾದರೂ ಇದೆಯಾ ನೋಡಿ. ನಮಗೆ ಇದನ್ನು ಯಾರೂ ಹೇಳಿರಲಿಲ್ಲ.

ಈಗ ಮೀನಖಂಡಕ್ಕೆ ಸ್ನಾಯುವಿನ ಬಿಗಿ ಸಡಿಲಿಸುವ ಬೊಟುಲಿನಮ್ ಇಂಜೆಕ್ಷನ್ ಕೊಡಿಸಿದ್ದೇವೆ. ಅದರ ಗುಣ ಸುಮಾರು ಮೂರು ತಿಂಗಳು. ಜೊತೆಗೆ ವ್ಯಾಯಾಮ, ಪಾದವನ್ನು ನೇರವಾಗಿ ಹಿಡಿದಿಡುವ ಸ್ಪ್ಲಿಂಟ್ ಇರಲೇಬೇಕು. ಸುಟ್ಟ ಗಾಯ ಆರಿದೆ. ಬಚ್ಚಲಿಗೆ ಮಾತ್ರ ಅಪ್ಪ ಇವತ್ತಿಗೂ ನನ್ನ ಭುಜ ಹಿಡಿದೇ ಹೋಗುತ್ತಾರೆ.