ಮೊಡವೆ ಮಾತ್ರೆ ಬರೆಸೋಕೆ ಹೋದ ಎರಡು ಸ್ಕಿನ್ ಕ್ಲಿನಿಕ್
ಐಸೋಟ್ರೆಟಿನೋಯಿನ್ ಅಂತ ಮೊಡವೆಗೆ ಕೊಡೋ ಸ್ಟ್ರಾಂಗ್ ಮಾತ್ರೆ. ಮೊದಲು ಹೋದ ಕಡೆ ಡಾಕ್ಟ್ರು ಎರಡು ನಿಮಿಷ ಮುಖ ನೋಡಿ 20 ಎಂಜಿ ಬರ್ದು ಕಳಿಸ್ಬಿಟ್ರು, ತುಟಿ ಒಣಗುತ್ತೆ ವ್ಯಾಸಲಿನ್ ಹಚ್ಕೊಳಿ ಅಂದಿದ್ದು ಬಿಟ್ರೆ ಒಂದು ಪ್ರಶ್ನೆನೂ ಇಲ್ಲ, ಮನೆಗ್ ಬಂದು ಬಾಕ್ಸ್ ಮೇಲೆ ಗರ್ಭಿಣಿಯರು ತಗೋಬಾರ್ದು ಅಂತ ಓದಿ ಎದೆ ಧಸಕ್ ಅಂತು, ಮದುವೆ ಆಗಿ ಆರೇ ತಿಂಗ್ಳು ಕಣ್ರೀ!

ಎರಡನೇ ಕ್ಲಿನಿಕ್ ಲೇಡಿ ಡಾಕ್ಟ್ರು ಜೊತೆಗಿದ್ದ ಅತ್ತೇನ ನಯವಾಗಿ ಹೊರಗೆ ಕೂರಿಸಿ ಎಲ್ಲಾ ಕೇಳಿದ್ರು. ಮೊದಲು ಪ್ರೆಗ್ನೆನ್ಸಿ ಟೆಸ್ಟ್. ಮಾತ್ರೆಗೆ 1 ತಿಂಗ್ಳು ಮುಂಚೆಯಿಂದ, ನಿಲ್ಲಿಸಿ 1 ತಿಂಗ್ಳು ಆಗೋವರೆಗೂ ಗರ್ಭ ನಿಲ್ಬಾರ್ದು, ಕಾಂಡೋಮ್ ಒಂದೇ ನಂಬ್ಕೋಬೇಡಿ ಜೊತೆಗೆ ಪಿಲ್ ಇಲ್ಲಾ ಕಾಪರ್-ಟಿ ಇರ್ಲಿ, ಮಗುವಿನ ಮೆದುಳು ಹೃದಯ ಕಿವಿಗೆ ತೊಂದ್ರೆ ಆಗ್ಬಹುದು ಅಂದ್ರು. ರಕ್ತದಾನನೂ ಮಾಡಂಗಿಲ್ವಂತೆ. ಅಮೆರಿಕದಲ್ಲಿ 2006ರಿಂದ ಐಪ್ಲೆಡ್ಜ್ ಅಂತ ರೂಲ್ ಇದೆ, ಪ್ರತಿ ತಿಂಗ್ಳು ಟೆಸ್ಟ್ ನೆಗೆಟಿವ್ ಬಂದ್ರೇನೇ ಮಾತ್ರೆ ಕೊಡ್ತಾರೆ, ಇಲ್ಲಿ ಡಾಕ್ಟ್ರು ಬಾಯ್ಬಿಟ್ಟು ಹೇಳಿದ್ರೆ ಉಂಟು ಇಲ್ದಿದ್ರೆ ಇಲ್ಲ.

ವೇಟಿಂಗ್ ಒಂದೂವರೆ ಗಂಟೆ, ಪಾರ್ಕಿಂಗ್ ಅಂತೂ ಕೇಳ್ಬೇಡಿ, ಆದ್ರೂ ಎರಡನೇದಕ್ಕೆ 4 ಸ್ಟಾರ್. ಮೊದಲನೇದಕ್ಕೆ ಒಂದೇ, ಅದೂ ಎಸಿ ಚೆನ್ನಾಗಿತ್ತು ಅಂತ.